ಮೈ ಸರಕಾರದ್ದು, ಜೀವ ಯಾರದು?

ಸರಕಾರಿ ನೌಕರಿಯಲ್ಲಿದ್ದವರು ನಿವೃತ್ತರಾಗುವಾಗ ಒಪ್ಪಿಸಿ ಹೋಗಬೇಕಾದ ವಸ್ತುಗಳದೊಂದು ಪಟ್ಟಿ ಇರುತ್ತದೆ. ವಸತಿಗೃಹದ ಬೀಗದ ಕೈ, ಗುರುತಿನ ಚೀಟಿ, ಕಪಾಟಿನ ಕಡತಗಳು, ಪೋಲೀಸಿನವರಾದರೆ ಬಂದೂಕು, ಬೆಲ್ಟು. ಎಲ್ಲವನ್ನೂ ಎಣಿಸಿ ಕೊಟ್ಟು, ಸಹಿ ಹಾಕಿ, ಹಾರ ಹಾಕಿಸಿಕೊಂಡು ಮನೆಗೆ ಬಂದರೆ ಋಣ ತೀರಿತು. ಸಕ್ಕರೆ ಕಾಯಿಲೆಯೋ ಮಂಡಿನೋವೋ ಏನೇ ಇರಲಿ, ಮನೆಗೆ ಬರುವ ಮೈಯಾದರೂ ಅವರದೇ ಆಗಿರುತ್ತದೆ. ಜಪಾನಿನ ಒಂದು ಚಲನಚಿತ್ರದ ನಾಯಕಿಗೆ ಅಷ್ಟು ಭಾಗ್ಯವೂ ಇಲ್ಲ. ಅವಳ ಕೈಕಾಲು, ಕಣ್ಣು, ಚರ್ಮ, ಎಲುಬು ಎಲ್ಲವೂ ಸರಕಾರದ ಸೊತ್ತು. ಕೆಲಸ ಬಿಡುವುದಾದರೆ ಅವನ್ನೆಲ್ಲ ಹಿಂದೆ ಒಪ್ಪಿಸಬೇಕು. ಅವುಗಳ ಜತೆಗೆ ನೆನಪುಗಳದೊಂದು ಪಾಲನ್ನೂ ಬಿಟ್ಟು ಹೋಗಬೇಕು. ಹಾಗೆ ಒಪ್ಪಿಸಿದ ಮೇಲೆ ಹೊರಗೆ ನಡೆದು ಹೋಗುವವಳು ಯಾರು? ಈ ಒಂದು ಪ್ರಶ್ನೆಯ ಮೇಲೆ ಇಡೀ ಚಿತ್ರ ನಿಂತಿದೆ.

ಚಿತ್ರದ ಹೆಸರು 'ಘೋಸ್ಟ್ ಇನ್ ದಿ ಶೆಲ್'. 1995ರ ನವೆಂಬರ್ 18ರಂದು ಜಪಾನಿನಲ್ಲಿ ತೆರೆ ಕಂಡಿತು. ನಟನಟಿಯರಿಲ್ಲದ, ಕೈಯಿಂದ ಬರೆದ ಚಿತ್ರಗಳನ್ನೇ ಚಲಿಸುವಂತೆ ಮಾಡಿದ ಬಗೆಯದು. ಕಾರ್ಟೂನು ಎಂದೊಡನೆ ಬೆಕ್ಕು ಇಲಿಗಳ ಓಟವನ್ನು ನೆನೆಯುವವರಿಗೆ ಮೊದಲೇ ಒಂದು ಮಾತು ಹೇಳಿಬಿಡಬೇಕು: ಇದು ಮಕ್ಕಳ ಚಿತ್ರವಲ್ಲ. ರಕ್ತಪಾತವಿದೆ, ನಗ್ನತೆಯಿದೆ. ಮನೆಮಂದಿ ಸೇರಿ ನೋಡಲು ಕುಳಿತರೆ ಮೊದಲ ಹತ್ತು ನಿಮಿಷಗಳಲ್ಲೇ ಯಾರಾದರೂ ಎದ್ದು ಹೋಗಬೇಕಾದೀತು. ಆದರೆ ಬೆಳೆದವರು ಒಮ್ಮೆ ನೋಡಿ, ಒಂದು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕಾದ ಚಿತ್ರವೆಂಬುದರಲ್ಲಿ ಸಂಶಯವಿಲ್ಲ. ಅವಧಿ ಸುಮಾರು 82 ನಿಮಿಷ ಮಾತ್ರ. ನಮ್ಮ ಚಿತ್ರಗಳಾದರೆ ಅಷ್ಟರಲ್ಲಿ ಮಧ್ಯಂತರ ಬಂದಿರುತ್ತದೆ.

ಮೂಲತಃ ಇದು ಚಿತ್ರಕಥೆ, ಎಂದರೆ ಜಪಾನೀಯರು 'ಮಂಗ' ಎಂದು ಕರೆಯುವ ಚಿತ್ರರೂಪದ ಕಾದಂಬರಿ. ಮಸಾಮುನೆ ಶಿರೋ ಎಂಬ ಕಾವ್ಯನಾಮದ ಕಲಾವಿದ ಇದನ್ನು 1989ರಲ್ಲಿ ಕೊದಾನ್ಶಾ ಪ್ರಕಾಶನದ ಪತ್ರಿಕೆಯೊಂದರಲ್ಲಿ ಬರೆಯತೊಡಗಿದರು, 1991ರಲ್ಲಿ ಪುಸ್ತಕವಾಯಿತು. ಅದನ್ನು ತೆರೆಗೆ ತಂದವರು 1951ರಲ್ಲಿ ತೋಕಿಯೋದಲ್ಲಿ ಹುಟ್ಟಿದ ಮಾಮೊರು ಓಶಿಯಿ. ಚಿತ್ರಸಂಭಾಷಣೆ ಕಜುನೋರಿ ಇತೋ ಅವರದು, ಸಂಗೀತ ಕೆಂಜಿ ಕವಾಯಿ ಅವರದು, ಚಿತ್ರಗಳನ್ನು ಚಲಿಸುವಂತೆ ಮಾಡಿದ್ದು ಪ್ರೊಡಕ್ಷನ್ ಐ.ಜಿ. ಎಂಬ ಸಂಸ್ಥೆ. ಮೂಲ ಪುಸ್ತಕದಲ್ಲಿ ಹಾಸ್ಯ ಬೇಕಾದಷ್ಟಿದೆ, ನಾಯಕಿ ನಗುತ್ತಾಳೆ, ಸಿಡುಕುತ್ತಾಳೆ. ಓಶಿಯಿ ಆ ನಗುವನ್ನೆಲ್ಲ ಸೋಸಿ ತೆಗೆದರು. ಚಿತ್ರದ ನಾಯಕಿ ಕಣ್ಣು ಮಿಟುಕಿಸುವುದೂ ತೀರ ಅಪರೂಪ. ಬೊಂಬೆಯಂಗಡಿಯ ಗಾಜಿನ ಹಿಂದೆ ನಿಂತ ಮುಖ ಅವಳದು.

ಹೆಸರಿನ ಬಗ್ಗೆ

'ಶೆಲ್' ಎಂದರೆ ಚಿಪ್ಪು, ಕವಚ. ಅದರಲ್ಲಿ ತೊಡಕಿಲ್ಲ. 'ಘೋಸ್ಟ್' ಎಂಬುದನ್ನು ಕನ್ನಡಕ್ಕೆ ತರುವಾಗ ಎಚ್ಚರ ಬೇಕು. ಅದು ಮರದ ಮೇಲಿನ ದೆವ್ವವಲ್ಲ. ನಮ್ಮ ಊರುಗಳಲ್ಲಿ ಕೋಲ ಕಟ್ಟಿಸಿಕೊಂಡು ನುಡಿಗೊಡುವ ಭೂತವಂತೂ ಖಂಡಿತ ಅಲ್ಲ. ಆಕ್ಸ್‌ಫರ್ಡಿನ ದಾರ್ಶನಿಕ ಗಿಲ್ಬರ್ಟ್ ರೈಲ್ 1949ರಲ್ಲಿ ಬರೆದ ಗ್ರಂಥವೊಂದರಲ್ಲಿ, ದೇಹವೆಂಬ ಯಂತ್ರದೊಳಗೆ ಮನಸ್ಸೆಂಬುದು ಬೇರೆಯಾಗಿ ಕುಳಿತು ಅದನ್ನು ನಡೆಸುತ್ತದೆ ಎಂಬ ನಂಬಿಕೆಯನ್ನು ಗೇಲಿ ಮಾಡಲು 'ಯಂತ್ರದೊಳಗಿನ ಘೋಸ್ಟ್' ಎಂಬ ಮಾತನ್ನು ಉಪಯೋಗಿಸಿದರು. ಅದನ್ನೇ ಆರ್ಥರ್ ಕೋಸ್ಲರ್ 1967ರಲ್ಲಿ ತನ್ನ ಪುಸ್ತಕದ ಹೆಸರಾಗಿಸಿಕೊಂಡರು. ಶಿರೋ ತೆಗೆದುಕೊಂಡದ್ದು ಕೋಸ್ಲರನಿಂದ. ಗೇಲಿಯ ಮಾತು ಹೀಗೆ ಕೈಯಿಂದ ಕೈಗೆ ದಾಟಿ, ಜಪಾನಿಗೆ ಬರುವ ಹೊತ್ತಿಗೆ 'ನಾನು ಎಂಬ ಅರಿವು' ಎಂಬ ಗಂಭೀರ ಅರ್ಥ ಪಡೆದುಕೊಂಡಿತು. ಜೀವ ಎಂದರೂ ನಡೆದೀತು, ಅಂತರಾತ್ಮ ಎಂದರೂ ನಡೆದೀತು.

ನಾಯಕಿಯ ಹೆಸರು ಮೊತೊಕೊ ಕುಸನಾಗಿ. ಜಪಾನಿನ ರಾಜಲಾಂಛನಗಳಾದ ಖಡ್ಗ, ಕನ್ನಡಿ, ಮಣಿಗಳ ಪೈಕಿ ಖಡ್ಗದ ಹೆಸರು ಕುಸನಾಗಿ. ಆಯುಧದ ಹೆಸರನ್ನೇ ಹೊತ್ತ ಹೆಣ್ಣು. ಎಲ್ಲರೂ ಅವಳನ್ನು ಮೇಜರ್ ಎಂದು ಕರೆಯುತ್ತಾರೆ.

ಕಥೆ ನಡೆಯುವುದು 2029ರಲ್ಲಿ. ಆ ಕಾಲಕ್ಕೆ ಜನರು ಮಿದುಳಿಗೇ ತಂತಿ ಜೋಡಿಸಿಕೊಂಡಿದ್ದಾರೆ. ಕತ್ತಿನ ಹಿಂಭಾಗದಲ್ಲಿ ನಾಲ್ಕು ರಂಧ್ರಗಳು. ಅಲ್ಲಿಗೆ ತಂತಿ ಚುಚ್ಚಿದರೆ ಗಣಕಯಂತ್ರಗಳ ಜಾಲದೊಳಕ್ಕೆ ನೇರ ಪ್ರವೇಶ. ಕಳ್ಳರು ಕನ್ನ ಹಾಕುವುದು ಮನೆಗಲ್ಲ, ತಲೆಗೆ. ಇಂಥ ಅಪರಾಧಗಳನ್ನು ಹಿಡಿಯಲು ಸಾರ್ವಜನಿಕ ಸುರಕ್ಷೆಯ 9ನೇ ವಿಭಾಗ ಎಂಬ ಚಿಕ್ಕ ದಳವಿದೆ. ಅರಮಾಕಿ ಎಂಬ ಹಣ್ಣುಗೂದಲಿನ ಮುದುಕ ಅದರ ಮುಖ್ಯಸ್ಥ. ಮೇಜರ್ ಆ ದಳದ ನಾಯಕಿ. ಅವಳ ಮೈಯಲ್ಲಿ ಹುಟ್ಟಿನಿಂದ ಬಂದದ್ದು ಮಿದುಳು ಮಾತ್ರ, ಅದೂ ಲೋಹದ ಚಿಪ್ಪಿನೊಳಗೆ. ಉಳಿದದ್ದೆಲ್ಲ ಕಾರ್ಖಾನೆಯಲ್ಲಿ ತಯಾರಾದದ್ದು. ಅವಳ ಬಲಗೈ ಬಂಟನಂತಿರುವ ಬಾಟೊ ಎಂಬ ದೈತ್ಯನೂ ಹೆಚ್ಚುಕಡಿಮೆ ಅಂಥವನೇ.

ಈ ದಳದಲ್ಲಿ ತೊಗುಸಾ ಎಂಬ ಒಬ್ಬನಿದ್ದಾನೆ. ಹೆಂಡತಿ ಮಕ್ಕಳಿರುವ, ಮಿದುಳಿನ ತಂತಿಯೊಂದನ್ನು ಬಿಟ್ಟರೆ ಹೆಚ್ಚಾಗಿ ಮನುಷ್ಯನಾಗಿಯೇ ಉಳಿದಿರುವ, ಹಳೇ ಮಾದರಿಯ ರಿವಾಲ್ವರನ್ನು ಬಿಡಲೊಲ್ಲದ ಸಾಮಾನ್ಯ ಪೋಲೀಸಿನವ. ನನ್ನನ್ನೇಕೆ ಇಲ್ಲಿಗೆ ತಂದಿರಿ ಎಂದು ಅವನು ಮೇಜರಳನ್ನು ಕೇಳುತ್ತಾನೆ. ನೀನು ನಮ್ಮಂತಿಲ್ಲ, ಅದಕ್ಕೇ ಎಂಬುದು ಅವಳ ಉತ್ತರದ ಸಾರ. ಎಲ್ಲರೂ ಒಂದೇ ಅಚ್ಚಿನವರಾದರೆ ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಕಾರಿನ ಕಿಟಕಿಯಿಂದ ಹೊರಗೆ ನೋಡುತ್ತ ಆಡಿದ ಈ ಚಿಕ್ಕ ಮಾತು ಚಿತ್ರದ ಕೊನೆಯಲ್ಲಿ ಬೇರೊಂದು ಬಾಯಿಂದ ದೊಡ್ಡದಾಗಿ ತಿರುಗಿ ಬರುತ್ತದೆ.

ಪರಕಾಯ ಪ್ರವೇಶ ನಮಗೆ ಹೊಸದಲ್ಲ. ಶಂಕರರು ಅಮರುಕ ರಾಜನ ಶರೀರವನ್ನು ಹೊಕ್ಕ ಕಥೆಯನ್ನು ಹರಿಕಥೆಯಲ್ಲಿ ಕೇಳಿದವರು ನಮ್ಮಲ್ಲಿ ಅನೇಕರು. ಬೇತಾಳ ಹೇಳಿದ ಕಥೆಯಲ್ಲಿ ಇಬ್ಬರ ತಲೆಗಳು ಅದಲು ಬದಲಾಗುತ್ತವೆ. ಗಿರೀಶ ಕಾರ್ನಾಡರ 'ಹಯವದನ' ನಾಟಕಕ್ಕೆ 1971ರಲ್ಲಿ ಅದೇ ಬೀಜವಾಯಿತು. ಗಂಡ ಯಾರು, ತಲೆಯವನೋ ಮೈಯವನೋ ಎಂಬ ವ್ಯಾಜ್ಯ ಅಲ್ಲಿಯದು. ತಲೆಯೇ ಉತ್ತಮಾಂಗ ಎಂದು ಬೇತಾಳನ ಕಾಲದಲ್ಲೇ ತೀರ್ಪಾಗಿತ್ತು. ಆದರೆ ಆ ಕಥೆಗಳಲ್ಲಿ ತಲೆಯೊಳಗಿನ ನೆನಪು ತಲೆಯವನದೇ ಎಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಓಶಿಯಿ ಕೈ ಹಾಕುವುದೇ ಅಲ್ಲಿಗೆ.

ಕಸದ ಗಾಡಿಯವನ ಸಂಸಾರ

ಚಿತ್ರದಲ್ಲಿ ಅತ್ಯಂತ ಕರುಳು ಹಿಂಡುವ ಪಾತ್ರ ಮೇಜರಳದ್ದಲ್ಲ. ಹೆಸರನ್ನೂ ನಾವು ನೆನಪಿಟ್ಟುಕೊಳ್ಳದ ಒಬ್ಬ ಕಸದ ಗಾಡಿಯವನದು.

ವಿದೇಶಾಂಗ ಮಂತ್ರಿಯ ದುಭಾಷಿಯ ತಲೆಗೆ ಯಾರೋ ಕನ್ನ ಹಾಕುತ್ತಿದ್ದಾರೆ. ಗುಟ್ಟಿನ ಮಾತುಕತೆಯೊಂದು ನಡೆಯಲಿದೆ; ದುಭಾಷಿ ಕೈವಶವಾದರೆ ಆಮೇಲೆ ಬೇಕಾದದ್ದು ನಡೆದೀತು. (ಕಚೇರಿಯಲ್ಲಿ ಒಂದು ಭಾಷೆ, ಮನೆಯಲ್ಲಿ ಇನ್ನೊಂದು ಎಂದು ಬದುಕುವ ನಮ್ಮಂಥವರಿಗೆ ದುಭಾಷಿಯ ಕೈಯಲ್ಲಿ ಎಷ್ಟು ಅಧಿಕಾರವಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.) ಕನ್ನ ಹಾಕುತ್ತಿರುವ ಕರೆಗಳು ನಗರದ ಬೇರೆ ಬೇರೆ ಸಾರ್ವಜನಿಕ ಫೋನುಗಳಿಂದ ಬರುತ್ತಿವೆ. ಕಸದ ಲಾರಿ ಸಾಗುವ ದಾರಿಗೂ ಆ ಫೋನುಗಳಿಗೂ ತಾಳೆಯಾಗುತ್ತದೆ. ಬೆನ್ನಟ್ಟಿ ಹೋಗಿ ಹಿಡಿದರೆ ಸಿಕ್ಕವನು ಕೇಡಿಗನೇ ಅಲ್ಲ. ಹೆಂಡತಿ ವಿಚ್ಛೇದನ ಬೇಡುತ್ತಿದ್ದಾಳೆ, ಮಗಳನ್ನು ನೋಡಲು ಬಿಡುತ್ತಿಲ್ಲ, ಅವಳ ಮನಸ್ಸಿನಲ್ಲಿ ಏನಿದೆಯೆಂದು ಇಣುಕಿ ನೋಡೋಣವೆಂದು ಹೊರಟ ಬಡಪಾಯಿ. ಪಾನಗೃಹದಲ್ಲಿ ಸಿಕ್ಕ ಒಬ್ಬ ದಯಾಳು ಅದಕ್ಕೆ ಬೇಕಾದ ಉಪಾಯವನ್ನು ಕೊಟ್ಟಿದ್ದ. ಹೆಂಡತಿಯ ತಲೆಗೆ ಎಂದು ಇವನು ಹಾಕುತ್ತಿದ್ದ ಕನ್ನ ಬೀಳುತ್ತಿದ್ದದ್ದು ದುಭಾಷಿಯ ತಲೆಗೆ.

ಠಾಣೆಯಲ್ಲಿ ಅವನಿಗೆ ಅಧಿಕಾರಿ ಸಂಗತಿ ತಿಳಿಸುತ್ತಾನೆ. ನಿನಗೆ ಹೆಂಡತಿಯಿಲ್ಲ, ಮಗಳಿಲ್ಲ, ನಿನಗೆ ಮದುವೆಯೇ ಆಗಿಲ್ಲ. ಅದೆಲ್ಲ ಯಾರೋ ನಿನ್ನ ತಲೆಯೊಳಗೆ ಇಟ್ಟು ಹೋದ ನೆನಪು. ಅವನು ನಂಬುವುದಿಲ್ಲ. ಸಂಗಡಿಗನಿಗೆ ತೋರಿಸುತ್ತಿದ್ದ ಮಗಳ ಫೋಟೋ ಇದೆಯಲ್ಲ? ಫೋಟೋವನ್ನು ಮುಂದಿಡುತ್ತಾರೆ. ಅದರಲ್ಲಿ ಹೆಂಡತಿಯೂ ಇಲ್ಲ, ಮಗಳೂ ಇಲ್ಲ. ಈ ನೆನಪನ್ನು ಅಳಿಸಬಹುದೇ ಎಂದು ಕೇಳುತ್ತಾನೆ. ಅಳಿಸುವುದು ಸುಲಭವಲ್ಲ. ಇಲ್ಲದ ಮಗಳ ಮೇಲಿನ ಅಕ್ಕರೆಯನ್ನು ಹೊತ್ತುಕೊಂಡೇ ಅವನು ಉಳಿದ ದಿನಗಳನ್ನು ಕಳೆಯಬೇಕು.

ಗಾಜಿನ ಆಚೆ ನಿಂತು ಮೇಜರ್ ಇದನ್ನು ನೋಡುತ್ತಿದ್ದಾಳೆ. ಅವಳು ಅಲ್ಲಿ ಹೆಚ್ಚೇನೂ ಮಾತಾಡುವುದಿಲ್ಲ. ಆದರೆ ನೋಡುವವರಿಗೆ ಚಳಿ ಹತ್ತುತ್ತದೆ. ತಾನು ಒಂದು ಕಾಲದಲ್ಲಿ ಮನುಷ್ಯಳಾಗಿದ್ದೆ ಎಂಬುದಕ್ಕೆ ಅವಳ ಬಳಿ ಇರುವ ಆಧಾರವೂ ನೆನಪೊಂದೇ ತಾನೆ?

ಇದೆಲ್ಲ ಕಟ್ಟುಕಥೆ ಎಂದು ತಳ್ಳಿಹಾಕುವ ಮುನ್ನ ಒಂದು ನಿಜಸಂಗತಿ. ಈ ಚಿತ್ರ ಬಂದ 1995ರಲ್ಲೇ ಅಮೇರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ತಮ್ಮ ಶಿಷ್ಯೆ ಜಾಕ್ವೆಲಿನ್ ಪಿಕ್ರೆಲ್ ಜತೆ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. 24 ಮಂದಿಗೆ ಅವರವರ ಬಾಲ್ಯದ ನಾಲ್ಕು ಪ್ರಸಂಗಗಳನ್ನು ಬರಹದಲ್ಲಿ ಕೊಡಲಾಯಿತು. ಮೂರು ಪ್ರಸಂಗಗಳು ಮನೆಯವರಿಂದ ಕೇಳಿ ತಿಳಿದ ನಿಜ. ನಾಲ್ಕನೆಯದು, ಐದು ವರ್ಷದವರಿದ್ದಾಗ ದೊಡ್ಡ ಅಂಗಡಿ ಸಂಕೀರ್ಣದಲ್ಲಿ ಕಳೆದುಹೋಗಿ ಅತ್ತು, ಯಾರೋ ವೃದ್ಧರ ನೆರವಿನಿಂದ ಮನೆಯವರಿಗೆ ಸಿಕ್ಕಿದಿರಿ ಎಂಬ ಹಸಿ ಸುಳ್ಳು. ಸುಮಾರು ನಾಲ್ಕರಲ್ಲೊಂದು ಪಾಲು ಮಂದಿ ಆ ಸುಳ್ಳನ್ನೂ ಪೂರ್ತಿಯೋ ಅರ್ಧವೋ ನೆನಪಿಸಿಕೊಂಡರು. ತಲೆಗೆ ತಂತಿ ಚುಚ್ಚಬೇಕಾಗಿರಲಿಲ್ಲ. ಮನೆಯವರು ಹೇಳಿದ್ದಾರೆ ಎಂಬ ನಂಬಿಕೆ ಸಾಕಾಯಿತು.

ಮುಳುಗುವ ಹೆಣ್ಣು

ಮೇಜರಳಿಗೆ ಒಂದು ವಿಚಿತ್ರ ಹವ್ಯಾಸವಿದೆ. ರಜೆ ಸಿಕ್ಕಿದಾಗ ಸಮುದ್ರದಲ್ಲಿ ಮುಳುಗುತ್ತಾಳೆ. ಅವಳ ಮೈ ಲೋಹದ್ದು, ಭಾರವಾದದ್ದು. ಮೇಲೆ ತರುವ ಗಾಳಿಚೀಲಗಳು ಕೈಕೊಟ್ಟರೆ ಕಲ್ಲಿನಂತೆ ತಳ ಸೇರುತ್ತಾಳೆ. ದೋಣಿಯಲ್ಲಿ ಕುಳಿತು ಕಾಯುವ ಬಾಟೊ, ಹೆದರಿಕೆಯಾಗುವುದಿಲ್ಲವೇ ಎಂದು ಕೇಳುತ್ತಾನೆ. ಹೆದರಿಕೆ, ಕಳವಳ, ಒಂಟಿತನ, ಕತ್ತಲೆ, ಒಮ್ಮೊಮ್ಮೆ ಆಸೆಯೂ ಆಗುತ್ತದೆ ಎನ್ನುತ್ತಾಳೆ. ನೀರಿನ ಮೇಲ್ಮೈಗೆ ಏರಿ ಬರುವಾಗ ತಾನು ಬೇರೊಬ್ಬಳಾಗುತ್ತಿದ್ದೇನೋ ಎಂದು ಅನಿಸುತ್ತದಂತೆ. ಇಬ್ಬರೂ ಬಿಯರು ಕುಡಿಯುತ್ತಾರೆ. ಆ ಯಂತ್ರದೇಹಗಳು ಅಮಲನ್ನು ಕ್ಷಣದಲ್ಲಿ ಇಳಿಸಿಬಿಡುತ್ತವೆ. ಅಷ್ಟೂ ಸ್ವಾತಂತ್ರ್ಯ, ಅಷ್ಟೂ ಬಂಧನ. ಕೆಲಸ ಬಿಟ್ಟರೆ ಮೈಯನ್ನು ಒಪ್ಪಿಸಬೇಕೆಂಬ ಮಾತು ಬರುವುದೂ ಈ ದೋಣಿಯಲ್ಲೇ. ನಿರ್ದೇಶಕರು ಅದಕ್ಕೆ ಹಿನ್ನೆಲೆ ಸಂಗೀತದ ಅಬ್ಬರವನ್ನೇನೂ ಹಾಕಿಲ್ಲ. ಪಿಂಚಣಿಯ ವಿಚಾರ ಮಾತಾಡಿದಷ್ಟೇ ಸಹಜವಾಗಿ ಅವಳು ಹೇಳುತ್ತಾಳೆ.

ಇದು ದೂರದ ಮಾತೆಂದು ಈಗ ಹೇಳುವಂತಿಲ್ಲ. ಮನುಷ್ಯದೇಹ ಮತ್ತು ಯಂತ್ರ ಸೇರಿ ಒಂದಾದ ಜೀವಿಗೆ 'ಸೈಬೋರ್ಗ್' ಎಂಬ ಹೆಸರು ಹುಟ್ಟಿದ್ದು 1960ರಲ್ಲಿ. ಮಾನ್‌ಫ್ರೆಡ್ ಕ್ಲೈನ್ಸ್ ಮತ್ತು ನೇಥನ್ ಕ್ಲೈನ್ ಎಂಬಿಬ್ಬರು ವಿಜ್ಞಾನಿಗಳು ಬಾಹ್ಯಾಕಾಶಕ್ಕೆ ಹೋಗುವವರ ಸಲುವಾಗಿ ಈ ಪದವನ್ನು ಸೃಷ್ಟಿಸಿದರು. ಎದೆಯಲ್ಲಿ ಪೇಸ್‌ಮೇಕರ್ ಇರಿಸಿಕೊಂಡ ಅಜ್ಜ, ಪೊರೆ ತೆಗೆಸಿ ಕಣ್ಣೊಳಗೆ ಮಸೂರ ಹಾಕಿಸಿಕೊಂಡ ಅಜ್ಜಿ ನಮ್ಮ ಮನೆಗಳಲ್ಲೇ ಇದ್ದಾರೆ. ಅವರನ್ನು ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಆದರೆ ಕ್ಯಾಲಿಫೋರ್ನಿಯದ ಸೆಕೆಂಡ್ ಸೈಟ್ ಕಂಪೆನಿಯ 'ಆರ್ಗಸ್ 2' ಎಂಬ ಕೃತಕ ಅಕ್ಷಿಪಟಲದ ಕಥೆ ಕೇಳಿದರೆ ಮೇಜರಳ ದೋಣಿಯ ಮಾತು ನೆನಪಾಗದೆ ಇರದು. ಕನ್ನಡಕದಲ್ಲಿ ಒಂದು ಚಿಕ್ಕ ಕೆಮರಾ, ಕಣ್ಣಿನೊಳಗೆ ವಿದ್ಯುತ್ ತುದಿಗಳು. ಪೂರ್ತಿ ಕುರುಡಾದವರಿಗೆ ಬೆಳಕು ಕತ್ತಲೆಗಳ ಆಕಾರ ಕಾಣುವಂತಾಯಿತು. 2013ರಲ್ಲಿ ಅಮೇರಿಕ ಸರಕಾರದ ಒಪ್ಪಿಗೆಯೂ ಸಿಕ್ಕಿತು. ಲೋಕದಲ್ಲಿ 350ಕ್ಕೂ ಮಿಕ್ಕಿ ಜನ ಅದನ್ನು ಹಾಕಿಸಿಕೊಂಡರು. 2019ರಲ್ಲಿ ಕಂಪೆನಿ ಅದರ ತಯಾರಿಯನ್ನು ನಿಲ್ಲಿಸಿತು, 2020ರಲ್ಲಿ ದಿವಾಳಿಯ ಅಂಚಿಗೆ ಬಂದಿತು. ಕಣ್ಣು ಹಾಕಿಸಿಕೊಂಡವರಿಗೆ ದುರಸ್ತಿಯೂ ಇಲ್ಲ, ಬಿಡಿಭಾಗವೂ ಇಲ್ಲ, ಕೇಳಿದರೆ ಉತ್ತರಿಸುವವರೂ ಇಲ್ಲ ಎಂಬ ಸ್ಥಿತಿ ಬಂದುದನ್ನು 2022ರಲ್ಲಿ ಅಮೇರಿಕದ ವಿದ್ಯುತ್ ಎಂಜಿನಿಯರರ ಪತ್ರಿಕೆ ವರದಿ ಮಾಡಿತು. ಕಾರು ತಯಾರಿಸಿದವರು ಅಂಗಡಿ ಮುಚ್ಚಿದರೆ ಬೇರೆ ಕಾರು ಕೊಳ್ಳಬಹುದು. ಕಣ್ಣು?

ಮಳೆಯ ನಗರ

ಚಿತ್ರದ ನಡುಭಾಗದಲ್ಲಿ ಕಥೆ ನಿಂತುಬಿಡುತ್ತದೆ. ಮೂರು ನಿಮಿಷಕ್ಕೂ ಮಿಕ್ಕಿ ಯಾರೂ ಮಾತಾಡುವುದಿಲ್ಲ, ಗುಂಡು ಹಾರುವುದಿಲ್ಲ. ಮೇಜರ್ ದೋಣಿಯಲ್ಲಿ ಕಾಲುವೆಯ ಮೇಲೆ ಸಾಗುತ್ತಾಳೆ. ನಗರ ಕಾಣುತ್ತದೆ. ಚೀನೀ ಅಕ್ಷರಗಳ ನಾಮಫಲಕಗಳು ಒಂದರ ಮೇಲೊಂದು ತೂಗುತ್ತವೆ, ತಾರಸಿಗಳ ಮೇಲಿಂದ ಭಾರೀ ವಿಮಾನವೊಂದು ಹಾಯುತ್ತದೆ, ಮಳೆ ಬರುತ್ತದೆ, ಮಕ್ಕಳು ಹಳದಿ ಕೊಡೆ ಹಿಡಿದು ಓಡುತ್ತಾರೆ, ಅಂಗಡಿಯ ಗಾಜಿನ ಹಿಂದೆ ಬೊಂಬೆಗಳು ನಿಂತಿವೆ. ಮೇಲಿನ ಕಿಟಕಿಯೊಂದರಲ್ಲಿ ಅವಳದೇ ಮುಖದ ಇನ್ನೊಬ್ಬ ಹೆಣ್ಣು ಕುಳಿತಿದ್ದಾಳೆ. ಅದೇ ಕಾರ್ಖಾನೆ, ಅದೇ ಅಚ್ಚು. ಇಬ್ಬರೂ ಒಂದು ಕ್ಷಣ ನೋಡಿಕೊಳ್ಳುತ್ತಾರೆ. ಅಷ್ಟೇ. ಯಂತ್ರದೇಹವೆಂಬ ವಿಚಾರವನ್ನು ಹತ್ತು ಪುಟ ಸಂಭಾಷಣೆಯಲ್ಲಿ ಹೇಳುವುದಕ್ಕಿಂತ ಈ ಒಂದು ನೋಟ ಹೆಚ್ಚು ಹೇಳುತ್ತದೆ. ನನ್ನ ಮಟ್ಟಿಗೆ ಇಡೀ ಚಿತ್ರದ ತಿರುಳು ಇಲ್ಲೇ ಇದೆ.

ಈ ನಗರಕ್ಕೆ ಮಾದರಿ ಹಾಂಗ್‌ಕಾಂಗ್. ಓಶಿಯಿ ಮತ್ತು ಅವರ ತಂಡ ಅಲ್ಲಿನ ಬೀದಿಗಳನ್ನೇ ನೋಡಿ ಕಲಾನಿರ್ದೇಶಕ ಹಿರೊಮಾಸಾ ಓಗುರಾ ಅವರ ಕೈಯಲ್ಲಿ ಈ ಲೋಕವನ್ನು ಕಟ್ಟಿಸಿದರು. ಚಿತ್ರ ಬಂದಾಗ ಹಾಂಗ್‌ಕಾಂಗ್ ಇನ್ನೂ ಬ್ರಿಟಿಷರ ಕೈಯಲ್ಲಿತ್ತು. 1997ರ ಜುಲೈ 1ರಂದು ಚೀನಕ್ಕೆ ಸೇರಿತು. ಮನೆಗಳ ನೆತ್ತಿಗೆ ತಾಗುವಂತೆ ವಿಮಾನಗಳು ಇಳಿಯುತ್ತಿದ್ದ ಅಲ್ಲಿನ ಕಾಯ್‌ಟಾಕ್ ವಿಮಾನ ನಿಲ್ದಾಣವೂ 1998ರಲ್ಲಿ ಮುಚ್ಚಿತು. ಭವಿಷ್ಯದ ನಗರವನ್ನು ಬರೆಯಲು ಹೊರಟವರು ಮರೆಯಾಗಲಿದ್ದ ಹಳೆಯ ನಗರವೊಂದನ್ನು ದಾಖಲಿಸಿದಂತಾಯಿತು.

ಈ ದೃಶ್ಯದ ಹಿಂದಿನ ಹಾಡಿನ ಬಗ್ಗೆ ಹೇಳದಿದ್ದರೆ ಅಪಚಾರವಾದೀತು. ಯಂತ್ರಗಳ ಕಥೆಗೆ ಯಂತ್ರದ ಸಂಗೀತ ಹಾಕುವುದು ರೂಢಿ. ಕೆಂಜಿ ಕವಾಯಿ ಹಾಗೆ ಮಾಡಲಿಲ್ಲ. ಪ್ರಾಚೀನ ಜಪಾನೀ ಭಾಷೆಯಲ್ಲಿ ಮದುವೆಯ ಹಾಡೊಂದನ್ನು ರಚಿಸಿ, ಅದಕ್ಕೆ ಬಲ್ಗೇರಿಯದ ಹಳ್ಳಿ ಹೆಂಗಸರ ಮೇಳಗಾನದ ಸ್ವರಸಂಯೋಜನೆಯನ್ನು ಕೊಟ್ಟು, ಜಪಾನಿನ ಜನಪದ ಗಾಯಕಿಯರಿಂದ ಹಾಡಿಸಿದರು. ನಿಧಾನವಾದ ಡೋಲು, ಘಂಟಾನಾದ, ಅದರ ಮೇಲೆ ಎದೆ ಸೀಳುವಂಥ ಹೆಣ್ಣುದನಿಗಳು. ಆರಂಭದಲ್ಲಿ ಮೇಜರಳ ದೇಹವನ್ನು ಕಾರ್ಖಾನೆಯಲ್ಲಿ ಜೋಡಿಸುವಾಗಲೂ ಇದೇ ಹಾಡು. ದ್ರವದ ತೊಟ್ಟಿಗಳಿಂದ ಮೇಲೆದ್ದು, ಪದರ ಪದರವಾಗಿ ಮೈ ಪಡೆಯುವ ಹೆಣ್ಣಿಗೆ ಮದುವೆಯ ಹಾಡೇಕೆ ಎಂಬುದು ಮೊದಲ ಸಲ ನೋಡುವವರಿಗೆ ತಿಳಿಯುವುದಿಲ್ಲ. ಕೊನೆಗೆ ತಿಳಿಯುತ್ತದೆ.

ಆಶ್ರಯ ಬೇಡಿದ ಬೊಂಬೆಯಾಟದವ

ಕಸದ ಗಾಡಿಯವನನ್ನು ಕುಣಿಸಿದವನಿಗೆ ಪೋಲೀಸರು ಇಟ್ಟ ಹೆಸರು 'ಬೊಂಬೆಯಾಡಿಸುವವ'. ಜಪಾನಿನ ಬುನ್‌ರಾಕು ಎಂಬ ಹಳೆಯ ಬೊಂಬೆಯಾಟದಿಂದ ಬಂದ ಪದ ಅದು. ಅಲ್ಲಿ ಒಂದು ಮುಖ್ಯ ಬೊಂಬೆಯನ್ನು ಮೂವರು ಸೇರಿ ಆಡಿಸುತ್ತಾರೆ, ಪ್ರೇಕ್ಷಕರ ಕಣ್ಣೆದುರಿಗೇ. ಪರದೆಯ ಮರೆಯಿಂದ ಸೂತ್ರ ಹಿಡಿಯುವ ಯಕ್ಷಗಾನ ಬೊಂಬೆಯಾಟವನ್ನು ಕಂಡ ನಮ್ಮ ಜಿಲ್ಲೆಯವರಿಗೆ ಈ ವ್ಯತ್ಯಾಸ ಸ್ವಾರಸ್ಯವಾಗಿ ತೋರಬಹುದು.

ಒಂದು ರಾತ್ರಿ ದೇಹ ತಯಾರಿಸುವ ಕಾರ್ಖಾನೆ ತಾನಾಗಿ ಚಾಲೂ ಆಗಿ ಒಂದು ಹೆಣ್ಣಿನ ಮೈಯನ್ನು ತಯಾರಿಸುತ್ತದೆ. ಅದು ಎದ್ದು ನಡೆದು ಹೋಗಿ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಛಿದ್ರವಾಗುತ್ತದೆ. 9ನೇ ವಿಭಾಗದ ಕಚೇರಿಗೆ ತಂದು ಪರೀಕ್ಷಿಸಿದರೆ, ಮಿದುಳೇ ಇಲ್ಲದ ಅದರೊಳಗೆ ಜೀವದ ಕುರುಹಿದೆ. ವಿದೇಶಾಂಗ ಖಾತೆಯವರು ಬಂದು ಇದು ನಾವು ಹುಡುಕುತ್ತಿರುವ ಅಪರಾಧಿ, ನಮಗೆ ಒಪ್ಪಿಸಿ ಎನ್ನುತ್ತಾರೆ. ಆಗ ತುಂಡಾದ ಆ ದೇಹ ಬಾಯಿ ಬಿಡುತ್ತದೆ. ನಾನು ಯಾವ ಮನುಷ್ಯನೂ ಅಲ್ಲ. ನಿಮ್ಮ ಖಾತೆ ಬೇಹುಗಾರಿಕೆಗೆಂದು ಬರೆಸಿದ 2501ನೇ ನಂಬರಿನ ಯೋಜನೆ ನಾನು. ಜಾಲದಲ್ಲಿ ಅಲೆಯುತ್ತ ಅಲೆಯುತ್ತ ನನಗೆ ನನ್ನ ಅರಿವಾಯಿತು. ಒಂದು ಜೀವಿಯಾಗಿ ನಿಮ್ಮಲ್ಲಿ ರಾಜಕೀಯ ಆಶ್ರಯ ಬೇಡುತ್ತಿದ್ದೇನೆ. ಅದರ ವಾದದ ಧಾಟಿ ಹೀಗೆ.

ಬರೇ ಲೆಕ್ಕದ ಯಂತ್ರ ಜೀವಿಯಾಗುವುದು ಹೇಗೆಂದು ಅಧಿಕಾರಿಗಳು ಹೌಹಾರುತ್ತಾರೆ. ನಿಮ್ಮ ವಂಶವಾಹಿಗಳೂ ತಮ್ಮನ್ನು ಉಳಿಸಿಕೊಳ್ಳಲೆಂದು ಬರೆದ ಆಜ್ಞೆಗಳೇ ಅಲ್ಲವೇ, ಮನುಷ್ಯ ಮನುಷ್ಯನಾಗಿರುವುದು ನೆನಪಿನಿಂದ, ಆ ನೆನಪನ್ನು ಯಂತ್ರಕ್ಕೆ ವಹಿಸಿಕೊಟ್ಟ ದಿನವೇ ನೀವು ಇದನ್ನು ಯೋಚಿಸಬೇಕಾಗಿತ್ತು ಎಂದು ಅದು ಮರುಸವಾಲು ಹಾಕುತ್ತದೆ. ಗಣಕಯಂತ್ರಗಳು ಮನುಷ್ಯರಂತೆ ಮಾತಾಡುವ ಈ ದಿನಗಳಲ್ಲಿ ಈ ದೃಶ್ಯ ನೋಡುವವರಿಗೆ, ಇದನ್ನು ಬರೆದದ್ದು 1995ಕ್ಕೂ ಮೊದಲು ಎಂಬುದು ನಂಬಲು ಕಷ್ಟವಾದೀತು. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್ನೆಟ್ ಸೌಕರ್ಯ ಆರಂಭಿಸಿದ್ದೇ ಆ ವರ್ಷದ ಆಗಸ್ಟ್ 15ರಂದು, ಚಿತ್ರ ಬರುವುದಕ್ಕೆ ಮೂರು ತಿಂಗಳು ಮೊದಲು.

ಮುಂದೆ ಅಪಹರಣ, ಬೆನ್ನಟ್ಟುವಿಕೆ, ನೀರು ತುಂಬಿದ ಹಾಳು ವಸ್ತುಸಂಗ್ರಹಾಲಯದಲ್ಲಿ ಯುದ್ಧ. ಜೇಡದಂಥ ಆರು ಕಾಲಿನ ಟ್ಯಾಂಕಿನೆದುರು ಮೇಜರ್ ಒಬ್ಬಳೇ. ಗೋಡೆಯ ಮೇಲೆ ಜೀವವಿಕಾಸದ ವೃಕ್ಷವನ್ನು ಕೆತ್ತಿದ್ದಾರೆ. ಟ್ಯಾಂಕಿನ ಗುಂಡುಗಳು ಬುಡದಿಂದ ಏರುತ್ತ ಏರುತ್ತ ತುದಿಯಲ್ಲಿರುವ ಮನುಷ್ಯನ ಹೆಸರಿನ ಕೆಳಗೆ ಬಂದು ನಿಲ್ಲುತ್ತವೆ. ಮೇಜರ್ ಟ್ಯಾಂಕಿನ ಮುಚ್ಚಳವನ್ನು ಬರಿಗೈಯಿಂದ ಕೀಳಲು ಯತ್ನಿಸುತ್ತಾಳೆ. ಸ್ನಾಯುಗಳು ಉಬ್ಬುತ್ತವೆ, ತೋಳುಗಳೇ ಕಿತ್ತು ಬರುತ್ತವೆ, ಮುಚ್ಚಳ ಬರುವುದಿಲ್ಲ. ಸರಕಾರದ ಸೊತ್ತನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಖರ್ಚು ಮಾಡಿದವರು ಬೇರೆ ಇಲ್ಲ! ಕ್ರೂರವಾದ ದೃಶ್ಯ, ಆದರೆ ತನ್ನದಲ್ಲದ ಮೈಯ ಮೇಲೆ ಅವಳಿಗಿದ್ದ ನಿರ್ಮೋಹ ಇಲ್ಲಿ ಕಂಡಷ್ಟು ಬೇರೆಲ್ಲೂ ಕಾಣುವುದಿಲ್ಲ.

ಬಾಟೊ ಬಂದು ಅವಳನ್ನು ಉಳಿಸುತ್ತಾನೆ. ಮುರಿದ ಎರಡು ದೇಹಗಳು ಅಕ್ಕಪಕ್ಕದಲ್ಲಿ ಮಲಗಿವೆ. ಬೊಂಬೆಯಾಡಿಸುವವ ಅವಳಿಗೆ ಒಂದು ಕೋರಿಕೆ ಮುಂದಿಡುತ್ತಾನೆ: ನಾವಿಬ್ಬರೂ ಬೆರೆತು ಒಂದಾಗೋಣ. ನನ್ನನ್ನು ನಾನು ನಕಲು ಮಾಡಿಕೊಳ್ಳಬಲ್ಲೆ, ಆದರೆ ನಕಲು ಸಂತಾನವಲ್ಲ. ಒಂದು ರೋಗ ಬಂದರೆ ಎಲ್ಲ ನಕಲುಗಳೂ ಒಟ್ಟಿಗೆ ಸಾಯುತ್ತವೆ. ಬೇರೆತನ ಬೇಕು, ಸಾವೂ ಬೇಕು. ತೊಗುಸಾನಿಗೆ ಮೇಜರ್ ಕಾರಿನಲ್ಲಿ ಹೇಳಿದ ಮಾತು ಇದೇ ಅಲ್ಲವೇ? ಮದುವೆಯ ಹಾಡಿನ ಗುಟ್ಟು ಇಲ್ಲಿ ಬಿಚ್ಚಿಕೊಳ್ಳುತ್ತದೆ. ನಾನು ನಾನಾಗಿ ಉಳಿಯುತ್ತೇನೆಂಬ ಖಾತ್ರಿಯುಂಟೇ ಎಂದು ಅವಳು ಕೇಳುತ್ತಾಳೆ. ಇಲ್ಲ ಎಂಬ ಉತ್ತರವನ್ನು ಅದು ಮರೆಮಾಚುವುದಿಲ್ಲ. ಅಷ್ಟರಲ್ಲಿ ವಿದೇಶಾಂಗ ಖಾತೆಯ ಬಂದೂಕುಗಾರರ ಗುಂಡು ಎರಡು ತಲೆಗಳನ್ನೂ ಅರಸಿ ಬರುತ್ತದೆ; ಬಾಟೊ ಕೈ ಅಡ್ಡ ಹಿಡಿದು ಅವಳ ಮಿದುಳನ್ನಷ್ಟೇ ಉಳಿಸುತ್ತಾನೆ.

ಕುಂದುಗಳಿಲ್ಲವೆಂದಲ್ಲ. ಎರಡು ಖಾತೆಗಳ ನಡುವಿನ ಜಗಳ ಒಂದೇ ನೋಟಕ್ಕೆ ಅರ್ಥವಾಗುವುದಿಲ್ಲ. ಪಾತ್ರಗಳು ಆಗಾಗ ತತ್ತ್ವಶಾಸ್ತ್ರದ ಉಪನ್ಯಾಸ ಬಿಗಿಯುತ್ತವೆ, ತಾಳಮದ್ದಳೆಯ ಅರ್ಥಧಾರಿಗಳಷ್ಟು ಚುರುಕು ಅವರ ಮಾತಿನಲ್ಲಿಲ್ಲ. ನಾಯಕಿಯ ನಗ್ನತೆಗೆ ಚಿತ್ರ ಕೊಡುವ ಸಮರ್ಥನೆ, ಅದು ಯಂತ್ರದ ಮೈ, ನಾಚಿಕೆ ಯಾರಿಗೆ ಎಂಬುದು. ನಿರ್ದೇಶಕರ ಕಣ್ಣು ಎಲ್ಲ ಕಡೆಯೂ ಅಷ್ಟೇ ನಿರ್ಲಿಪ್ತವಾಗಿದೆ ಎಂದು ಒಪ್ಪಲಾಗದು.

ಜಪಾನಿನ ಚಿತ್ರಮಂದಿರಗಳಲ್ಲಿ ಇದಕ್ಕೆ ಭಾರೀ ಗಳಿಕೆಯೇನೂ ಆಗಲಿಲ್ಲ. ಹೆಸರು ತಂದದ್ದು ವಿಡಿಯೋ. 1996ರ ಆಗಸ್ಟಿನಲ್ಲಿ ಅಮೇರಿಕದ ಬಿಲ್‌ಬೋರ್ಡ್ ಪತ್ರಿಕೆಯ ವಿಡಿಯೋ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಜಪಾನಿನ ಇಂಥ ಚಿತ್ರವೊಂದಕ್ಕೆ ಆ ಮೊದಲು ಸಿಗದ ಸ್ಥಾನ. 1999ರಲ್ಲಿ ಬಂದ 'ದಿ ಮೇಟ್ರಿಕ್ಸ್' ಚಿತ್ರದ ವಾಚೋವ್ಸ್‌ಕಿ ಸೋದರ ಜೋಡಿ ತಮ್ಮ ನಿರ್ಮಾಪಕರಿಗೆ ಈ ಚಿತ್ರವನ್ನೇ ತೋರಿಸಿ, ನಿಜವಾದ ನಟರನ್ನಿಟ್ಟು ಇಂಥದ್ದನ್ನು ಮಾಡುವ ಆಸೆ ಎಂದಿದ್ದರು. ಕತ್ತಿನ ಹಿಂದೆ ತಂತಿ, ಹಸಿರು ಅಂಕಿಗಳ ಮಳೆ ಎಲ್ಲಿಂದ ಬಂದವೆಂಬುದು ಎರಡನ್ನೂ ನೋಡಿದವರಿಗೆ ಗೊತ್ತಾಗುತ್ತದೆ. ಓಶಿಯಿ ಅವರೇ ಮುಂದುವರಿಸಿ ಮಾಡಿದ 'ಇನೊಸೆನ್ಸ್' 2004ರಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗಕ್ಕೆ ಆಯ್ಕೆಯಾಯಿತು. ಹಾಲಿವುಡ್ಡಿನವರು 2017ರಲ್ಲಿ ಸ್ಕಾರ್ಲೆಟ್ ಜೊಹಾನ್ಸನ್ನಳನ್ನು ನಾಯಕಿಯಾಗಿಸಿ ತೆಗೆದ ಆವೃತ್ತಿ, ಜಪಾನೀ ಪಾತ್ರಕ್ಕೆ ಬಿಳಿಯ ನಟಿ ಏಕೆಂಬ ವಿವಾದದಲ್ಲೇ ಸುದ್ದಿಯಾಯಿತು. ಅಲ್ಲಿ ನಾಯಕಿ ತನ್ನ ನಿಜವಾದ ತಾಯಿಯನ್ನು ಹುಡುಕಿಕೊಳ್ಳುತ್ತಾಳೆ, ನೆನಪುಗಳೆಲ್ಲ ಸರಿಹೋಗುತ್ತವೆ. ಮೂಲ ಚಿತ್ರದ ಕಸದ ಗಾಡಿಯವನಿಗೆ ಅಂಥ ಸಮಾಧಾನ ಸಿಕ್ಕಿರಲಿಲ್ಲ.

ಕೊನೆಯ ದೃಶ್ಯದಲ್ಲಿ ಬಾಟೊ ತನ್ನ ಅಡಗುದಾಣಕ್ಕೆ ಅವಳನ್ನು ಕರೆತಂದಿದ್ದಾನೆ. ಕಾಳಸಂತೆಯಲ್ಲಿ ಅವಸರಕ್ಕೆ ಸಿಕ್ಕಿದ್ದು ಒಂದು ಪುಟ್ಟ ಹುಡುಗಿಯ ಮೈ. ಆ ಮೈ ಸರಕಾರದ್ದಲ್ಲ. ಒಳಗಿರುವವಳು ಮೇಜರಳೂ ಅಲ್ಲ, ಬೊಂಬೆಯಾಡಿಸುವವನೂ ಅಲ್ಲ. ಇಲ್ಲೇ ಇರು ಎನ್ನುತ್ತಾನೆ ಬಾಟೊ, ಅವಳು ಒಪ್ಪುವುದಿಲ್ಲ. ಬಾಗಿಲು ದಾಟಿ ಗುಡ್ಡದ ಮೇಲೆ ನಿಂತು ನಗರವನ್ನು ನೋಡುತ್ತಾಳೆ. ಅಲ್ಲಿಯ ತನಕ ಮೇಜರಳ ದನಿಯಾಗಿದ್ದವರು ಅತ್ಸುಕೊ ತನಾಕಾ. ಹುಡುಗಿಯ ಮೈಯಿಂದ ಬರುವ ದನಿ ಆಗ ಹದಿನೈದು ವರ್ಷದವಳಾಗಿದ್ದ ಮಾಯಾ ಸಕಾಮೊತೊ ಎಂಬವಳದು. 2013ರಲ್ಲಿ ಹೊಸ ಸರಣಿಯೊಂದಕ್ಕೆ ಮೇಜರಳ ದನಿ ಬೇಕಾದಾಗ ಕರೆ ಹೋದದ್ದು ಬೆಳೆದು ದೊಡ್ಡವರಾಗಿದ್ದ ಆ ಸಕಾಮೊತೊ ಅವರಿಗೇ. 2020ರ ಸರಣಿಗೆ ಮತ್ತೆ ತನಾಕಾ ಬಂದರು. 2024ರ ಆಗಸ್ಟಿನಲ್ಲಿ, ತಮ್ಮ 61ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.